ಫೌಜದಾರನ ಗಂಟುಗಳು

ಮೊನ್ನೆ ನರೋಣಾದ ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೊಡಲೆಂದು ಅಂಗಿಯ ಜೇಬಿಗೆ ಕೈ ಹಾಕಿದೆ. ಚಿಲ್ಲರೆಯ ಬದಲು ಒಂದು ಗಂಟು ಕೈಗೆ ಬಂತು. ನೀಲಿ ಬಟ್ಟೆಯ ತುಂಡು, ಮೂಲೆಗಳನ್ನು ಸೇರಿಸಿ ಕರಿದಾರ ಸುತ್ತಿ ಕಟ್ಟಿದ್ದು, ಲಿಂಬೆಹಣ್ಣಿನಷ್ಟು ದಪ್ಪ. ನಾನಂತೂ ಅದನ್ನು ಅಲ್ಲಿ ಇಟ್ಟಿರಲಿಲ್ಲ. ಅಂಗಿ ಹಿಂದಿನ ದಿನವಷ್ಟೇ ಒಗೆದು ಮಾಳಿಗೆಯ ತಂತಿಯ ಮೇಲೆ ಒಣಗಿದ್ದು.

ಪಕ್ಕದ ಕಿಟಕಿಯ ಸೀಟಿನಲ್ಲಿದ್ದವರು ರುಮಾಲು ಸುತ್ತಿದ ಹಿರಿಯರು. ಆಳಂದದಿಂದ ಅಲ್ಲಿಯವರೆಗೂ ತೊಗರಿಯ ರೇಟು, ಸೊಸೆಯ ಮಾತು, ಮೊಣಕಾಲಿನ ನೋವು ಎಲ್ಲವನ್ನೂ ನನ್ನ ಮಡಿಲಿಗೆ ಹಾಕುತ್ತ ಬಂದಿದ್ದರು. ಗಂಟು ಕಂಡದ್ದೇ ತಡ, ಮಾತು ನಿಂತಿತು. ತಮ್ಮ ಕೈಚೀಲವನ್ನು ನನ್ನ ಕಡೆಯಿಂದ ಆ ಕಡೆಗೆ ವರ್ಗಾಯಿಸಿ, ಕಿಟಕಿಗೆ ಅಂಟಿಕೊಂಡು ಕುಳಿತರು.

"ಏನದು?" ಎಂದರು.

"ಗೊತ್ತಿಲ್ರಿ."

"ನಿಮ್ಮ ಕಿಸೆದಾಗ ಇದ್ದದ್ದು ನಿಮಗೇ ಗೊತ್ತಿಲ್ಲೇನು?"

ಅವರ ಸಂಶಯದಲ್ಲಿ ತಪ್ಪೇನಿಲ್ಲ. ನಮ್ಮ ಸೀಮೆಯಲ್ಲಿ ಮಾಟಕ್ಕೆ ಭಾನಾಮತಿ ಎನ್ನುತ್ತಾರೆ. ಕರಿದಾರ ಸುತ್ತಿದ ಗಂಟು ಕಂಡರೆ ಬಿಎಸ್ಸಿ ಪಾಸಾದವರೂ ಒಂದು ಹೆಜ್ಜೆ ಸುತ್ತುಬಳಸಿ ನಡೆಯುತ್ತಾರೆ. ಆದರೆ ನನ್ನ ಕೈಯಲ್ಲಿದ್ದ ಗಂಟಿಗೂ ಭಾನಾಮತಿಗೂ ನಡುವೆ ಒಂದು ನಾಯಿ ಇದೆ. ಆ ನಾಯಿಯ ವಿಷಯ ಹೇಳದೆ ಗಂಟು ಬಿಚ್ಚಿದರೆ ನೀವೂ ಆ ಹಿರಿಯರಂತೆ ಕಿಟಕಿಗೆ ಅಂಟಿಕೊಂಡೀರಿ.

ನಾಯಿಯ ಹೆಸರು ಫೌಜದಾರ. ಕಂದು ಬಣ್ಣ, ಒಂದು ಕಿವಿ ಮೇಲೆ, ಒಂದು ಕೆಳಗೆ, ಹುಬ್ಬು ಇರಬೇಕಾದ ಜಾಗದಲ್ಲಿ ಎರಡು ಕಪ್ಪು ಗೆರೆ. ಆ ಗೆರೆಗಳಿಂದಾಗಿ ಯಾರನ್ನು ನೋಡಿದರೂ 'ನಿನ್ನೆ ಸಂಜೆ ಎಲ್ಲಿದ್ದೆ' ಎಂದು ವಿಚಾರಿಸುವ ಮುಖ. ಠಾಣೆಯ ಸಾಹೇಬರನ್ನು ನಮ್ಮ ಹಿರಿಯರು ಫೌಜದಾರ ಎನ್ನುತ್ತಿದ್ದರು. ಅದನ್ನು ನೆನಪಿಟ್ಟುಕೊಂಡು ಈ ಹೆಸರಿಟ್ಟವಳು ನನ್ನ ಹೆಂಡತಿ ಸುಜಾತಾ. ಅವಳು ಹಿರೋಳ್ಳಿಯಲ್ಲಿ ನರ್ಸು, ನಾನು ನರೋಣಾದಲ್ಲಿ ಕನ್ನಡ ಮಾಸ್ತರ. ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ಬಡಿದು ಹಿಂಗಾಲು ಮುರಿದುಕೊಂಡು ಬಿದ್ದಿದ್ದ ಇವನನ್ನು ಅವಳೊಂದು ಸಂಜೆ ತನ್ನ ದುಪಟ್ಟಾದಲ್ಲಿ ಸುತ್ತಿ ಮನೆಗೆ ತಂದಳು. "ಕಾಲು ಕೂಡೋತನಕ ಅಷ್ಟೇ" ಎಂದಳು. ನರ್ಸುಗಳ ಈ ಮಾತನ್ನು ನಂಬಬಾರದೆಂದು ನನಗೆ ಆಗ ತಿಳಿದಿರಲಿಲ್ಲ.

ಮನೆ ಎಂದೆನಲ್ಲ, ಅದು ಬಾಡಿಗೆ ಮನೆ. ಆಳಂದದಲ್ಲಿ ಗುರಮ್ಮ ಎಂಬ ಹಿರಿಯರ ಮನೆಯ ಮೇಲಿನ ಅಂತಸ್ತು. ಕೆಳಗೆ ಅವರೂ ಅವರ ಮಗ ಬಸಣ್ಣನ ಸಂಸಾರವೂ ಇದ್ದಾರೆ. ಬಸಣ್ಣ ಟೇಲರು. ತಾಲ್ಲೂಕಿನ ಅರ್ಧ ಮಕ್ಕಳ ಶಾಲೆಯ ಯೂನಿಫಾರ್ಮು ಅವನ ಮಶೀನಿನಡಿಯಿಂದಲೇ ಬರುವುದು. ಬಾಡಿಗೆ ಮನೆ ಹುಡುಕುವುದೆಂದರೆ ನನಗೆ ಒಂದು ಪ್ರಶ್ನಾವಳಿ ಬಾಯಿಪಾಠವಿದೆ. ಮೊದಲು ಹೆಸರು, ಆಮೇಲೆ ಅಡ್ಡಹೆಸರು, ಆಮೇಲೆ "ಈ ಊರಾಗ ನಿಮ್ಮವರು ಯಾವ ಓಣ್ಯಾಗ ಅದಾರ". ಅಷ್ಟಾದ ಮೇಲೆ ಮನೆ ಹಿಂದಿನ ದಿನವೇ ಬೇರೆಯವರಿಗೆ ಮಾತಾಗಿರುತ್ತದೆ. ನಾವು ಬೌದ್ಧರು. ಇದೆಲ್ಲ ನಮಗೆ ಹೊಸದಲ್ಲ, ಹಳೆಯದೂ ಆಗುವುದಿಲ್ಲ.

ಗುರಮ್ಮ ಮಾತ್ರ ಆ ಪ್ರಶ್ನೆಗಳನ್ನು ಕೇಳಲಿಲ್ಲ. "ಇಬ್ಬರೂ ನೌಕರಿಗಿ ಹೋದ್ರ ನಳ ಬಂದಾಗ ನೀರು ಯಾರು ತುಂಬತೀರಿ?" ಎಂದು ಕೇಳಿದರು. ಆಳಂದದಲ್ಲಿ ನಳದ ನೀರು ತನಗೆ ಮನಸ್ಸಾದಾಗ ಬರುವಂಥದ್ದು. ನಾವು ಮುಖ ಮುಖ ನೋಡಿಕೊಂಡಾಗ ಅವರೇ, "ಒಂದು ಚಾವಿ ನನ್ನ ಕಡಿ ಇರಲಿ, ನಾನೇ ಬಂದು ಬ್ಯಾರಲ್ ತುಂಬಿಸ್ತೇನಿ" ಎಂದರು. ಪಡಸಾಲೆಯಲ್ಲಿ ಬುದ್ಧನ ಫೋಟೋ ತೂಗುಹಾಕುವಾಗ ಸ್ಟೂಲು ಹಿಡಿದವರೂ ಅವರೇ. "ಗ್ವಾಡಿಗಿ ದೊಡ್ಡ ಮೊಳಿ ಹೊಡಿಬ್ಯಾಡ್ರಿ" ಎಂಬುದೊಂದೇ ಅವರ ತಕರಾರು.

ದನದ ದವಾಖಾನೆಯ ಡಾಕ್ಟರು ಫೌಜದಾರನ ಕಾಲಿಗೆ ಗಟ್ಟಿ ಪಟ್ಟಿ ಕಟ್ಟಿ, "ಮೆಟ್ಟಲಾ ಇಳಸಬ್ಯಾಡ್ರಿ, ಓಡಸಬ್ಯಾಡ್ರಿ, ಮನಿ ಒಳಗೇ ಇರಲಿ" ಎಂದು ಕಳಿಸಿದರು. ಒಳಗೇ ಇತ್ತು. ಒಳಗಿದ್ದುಕೊಂಡು ನನ್ನ ಎಡಗಾಲಿನ ಚಪ್ಪಲಿ, ಸುಜಾತಾಳ ಛತ್ರಿಯ ಹಿಡಿಕೆ, ಕೊನೆಗೆ ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳ ಒಂದು ಭಾಗ, ಇಷ್ಟನ್ನು ತಿಂದಿತು. ಉತ್ತರಪತ್ರಿಕೆಯನ್ನು ನಾಯಿ ತಿಂದಿತೆಂದು ಮಾಸ್ತರನೇ ಹೇಳಿದರೆ ಮಕ್ಕಳು ನಂಬುತ್ತಾರೆಯೇ? ಅವರು ನನ್ನನ್ನು ನೋಡಿದ ನೋಟ ಥೇಟ್ ಫೌಜದಾರನದೇ. ಅಂದಿನಿಂದ ಮನೆಯಲ್ಲಿ ಸದ್ದಿಲ್ಲ ಎಂದರೆ ನಾನು ಎದ್ದು ಮೂಲೆಮೂಲೆ ಹುಡುಕತೊಡಗಿದೆ. ನಾಯಿ ಬೊಗಳುತ್ತಿದ್ದರೆ ನೆಮ್ಮದಿ. ಸುಮ್ಮನಿದ್ದರೆ ಯಾವುದೋ ವಸ್ತುವಿನ ಗತಿ ಮುಗಿಯುತ್ತಿದೆ ಎಂದೇ ಅರ್ಥ.

ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರು ಒಂದು ಎಮ್ಮೆಯ ಬಾಯಿ ತೆರೆದು ಹಲ್ಲು ನೋಡುತ್ತಲೇ ಹೇಳಿದರು. "ಸರ, ಕಾಲು ಕಟ್ಟೀರಿ, ತಲಿ ಖಾಲಿ ಬಿಟ್ಟೀರಿ. ಅದು ಚಪ್ಪಲಿ ತಿನ್ನಲಾರದ ಮತ್ತೇನ್ ಮಾಡ್ತದ? ತಲಿಗಿ ಕೆಲಸ ಕೊಡ್ರಿ."

"ಏನ್ ಕೆಲಸ ಕೊಡಲಿ ಡಾಕ್ಟರ?"

"ಮಾಸ್ತರ ನೀವು ಅದೀರೋ, ನಾ ಅದೇನೋ?"

ಆ ರಾತ್ರಿ ಮೊಬೈಲಿನಲ್ಲಿ ನಾಯಿಯ ಬುದ್ಧಿಗೆ ಚುರುಕು ಕೊಡುವ ಆಟಗಳನ್ನು ಹುಡುಕಿದೆ. ಯಾವುದೋ ಊರಿನ ಗುಂಗುರು ಕೂದಲಿನ ನಾಯಿಗಳು ತೂತಿರುವ ರಬ್ಬರ್ ಚೆಂಡಿನಿಂದ ಬಿಸ್ಕತ್ತು ಉದುರಿಸಿ ತಿನ್ನುತ್ತಿದ್ದವು. ಫೌಜದಾರ ನನ್ನ ಮೊಣಕೈಯ ಮೇಲಿಂದ ಅವನ್ನು ನೋಡಿದ. ಅವನಿಗೆ ಆ ನಾಯಿಗಳ ನಡತೆ ಸರಿಯೆನಿಸಲಿಲ್ಲ. ನನಗೂ ಅಷ್ಟೆ. ಆದರೆ ಅದನ್ನು ನೋಡುತ್ತಿರುವಾಗಲೇ ನನಗೆ ಮಣ್ಣೂರಿನ ಆಯಿ, ನನ್ನ ತಾಯಿಯ ತಾಯಿ, ನೆನಪಾದಳು.

ಮಣ್ಣೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಂಡೆಯಲ್ಲಿದೆ. ನನ್ನ ತಾಯಿಯ ತವರು. ಬೇಸಿಗೆ ರಜೆಯಲ್ಲಿ ನಾವು ಮೊಮ್ಮಕ್ಕಳೆಲ್ಲ ಅಲ್ಲಿ. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳು, ಮೇಲೆ ಆ ಬಿಸಿಲು. ಆಯಿ ಊಟವಾದದ್ದೇ ನಮ್ಮನ್ನೆಲ್ಲ ಒಳಗೆ ಹಾಕಿ ಅಗಳಿ ಜಡಿಯುತ್ತಿದ್ದಳು. ಮಣ್ಣಿನ ಮಾಳಿಗೆಯ ಮನೆ, ಒಳಗೆ ತಂಪು, ಕತ್ತಲು, ಜೋಳದ ವಾಸನೆ. ಅಷ್ಟು ಹುಡುಗರು ಒಂದೇ ಕೋಣೆಯಲ್ಲಿದ್ದರೆ ಚಪ್ಪಲಿ ತಿನ್ನುವುದೊಂದು ಬಿಟ್ಟು ಎಲ್ಲ ಆಗುತ್ತಿತ್ತು. ಅದಕ್ಕೆ ಆಯಿ ಕಂಡುಕೊಂಡ ಉಪಾಯ ಗಂಟು. ಹರಿದ ಸೀರೆಯ ಚೂರುಗಳಲ್ಲಿ ಬೆಲ್ಲ, ಹುರಿದ ಶೇಂಗಾ ಹಾಕಿ ಕಟ್ಟಿ, ನಾವು ಉಣ್ಣುವ ಹೊತ್ತಿಗೆ ಮನೆ ತುಂಬ ಅಡಗಿಸುತ್ತಿದ್ದಳು. ದೀಪದ ಗೂಡಿನಲ್ಲಿ, ಕೌದಿಯ ಮಡಿಕೆಯಲ್ಲಿ, ಬೀಸುವ ಕಲ್ಲಿನ ಸಂದಿನಲ್ಲಿ. ಕಾನೂನು ಒಂದೇ. ಗಂಟು ಬಿಚ್ಚಬೇಕು. ಹರಿಯುವ ಹಾಗಿಲ್ಲ, ಹಲ್ಲು ಹಚ್ಚುವ ಹಾಗಿಲ್ಲ. "ಹರದವಗ ನಾಳಿ ಗಂಟಿಲ್ಲ" ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಒಂದು ಗಂಟಿನಲ್ಲಿ ಮಾತ್ರ ಏನೂ ಇಡುತ್ತಿರಲಿಲ್ಲ. ಅದು ಸಿಕ್ಕವನಿಗೆ ಉಳಿದವರೆಲ್ಲರ ಮೇಲೂ ಸಂಶಯ, 'ನೀನೇ ಬಿಚ್ಚಿ ತಿಂದು ಮತ್ತೆ ಕಟ್ಟಿಟ್ಟಿ' ಎಂದು. ವಿಚಾರಣೆ, ಸಾಕ್ಷಿ, ಬಾಯಿ ಮೂಸಿ ನೋಡುವುದು. ಆ ನ್ಯಾಯ ಮುಗಿಯುವಷ್ಟರಲ್ಲಿ ಬಿಸಿಲು ಇಳಿದು ಆಯಿಯ ನಿದ್ದೆಯೂ ಮುಗಿದಿರುತ್ತಿತ್ತು.

ಮರುದಿನವೇ ಸುಜಾತಾಳ ಹಳೆಯ ಕೆಂಪು ಸೀರೆ ಚೂರುಚೂರಾಯಿತು. ಕಡಕ ರೊಟ್ಟಿಯ ತುಂಡುಗಳನ್ನು ಸಡಿಲವಾಗಿ ಕಟ್ಟಿ ಫೌಜದಾರನ ಮುಂದಿಟ್ಟೆ. ಮೊದಲು ನನ್ನನ್ನು ನೋಡಿದ, ಆಮೇಲೆ ಗಂಟನ್ನು, ಮತ್ತೆ ನನ್ನನ್ನು. ಇದರಲ್ಲೇನೋ ಮೋಸವಿದೆ ಎಂಬುದು ಅವನ ಅಭಿಪ್ರಾಯ. ಆಮೇಲೆ ಮೂಗು ಕೆಲಸಕ್ಕಿಳಿಯಿತು. ಹಲ್ಲು ಹಚ್ಚಬಾರದೆಂಬ ಕಾನೂನನ್ನು ಅವನಿಗಾಗಿ ಸಡಿಲಿಸಿದೆ. ಪಾಪ, ಅವನಿಗೆ ಬೆರಳಿಲ್ಲ. ಕೆಲವು ದಿನಗಳಲ್ಲಿ ಮುಂಗಾಲಿನಿಂದ ಗಂಟನ್ನು ಒತ್ತಿಹಿಡಿದು, ಬಟ್ಟೆಯ ತುದಿಯನ್ನು ಹಲ್ಲಿನಿಂದ ಜಗ್ಗಿ, ಹರಿಯದೆ ಬಿಚ್ಚುವುದನ್ನು ಕಲಿತ. ನಾನೂ ಪಾಠ ಕಠಿಣ ಮಾಡುತ್ತ ಹೋದೆ. ಬೋರಲು ಹಾಕಿದ ಬಟ್ಟಲಿನಡಿ, ಉಳಿದ ಬಲಗಾಲಿನ ಚಪ್ಪಲಿಯೊಳಗೆ, ಬಾಗಿಲಿನ ಸಂದಿಯಲ್ಲಿ ಇಟ್ಟೆ. ನಾವು ಕೆಲಸಕ್ಕೆ ಹೊರಡುವ ಮೊದಲು ಇಡುವುದು, ಸಂಜೆ ಬಂದು ಬಿಚ್ಚಿದ ಬಟ್ಟೆಗಳನ್ನು ಆಯುವುದು. ಅವನಿಗೆ ಕಾಣದಂತೆ ಅಡಗಿಸುವುದೇ ದೊಡ್ಡ ಕೆಲಸ. ಅವನು ಕುಂಟುತ್ತ ಹಿಂದೆ, ನಾನು ಕಳ್ಳಹೆಜ್ಜೆಯಲ್ಲಿ ಮುಂದೆ. ನನ್ನ ಮನೆಯಲ್ಲಿ ನಾನೇ ಕಳ್ಳ.

ಆದರೆ ರೊಟ್ಟಿಯ ವಾಸನೆಗೆ ಇರುವೆ ಹತ್ತಿದವು. ಸುಜಾತಾ ಗಂಟುಗಳಿಗೆ ಅರಿಶಿನ ಸವರಿ, ಇಟ್ಟ ಜಾಗದ ಸುತ್ತಲೂ ಅರಿಶಿನದ ಗೆರೆ ಎಳೆದಳು. ಇರುವೆಗಳು ಹೋದವು. ಕೆಂಪು ಬಟ್ಟೆ, ಅರಿಶಿನ, ಮೂಲೆಮೂಲೆಗೆ ಗಂಟು. ಈಗ ನಿಮಗೆ ಹೊಳೆದಿರಬೇಕು. ಅಷ್ಟು ಓದಿದ ನಮ್ಮಿಬ್ಬರಿಗೂ ಹೊಳೆಯಲಿಲ್ಲ ನೋಡಿ.

ಒಂದು ದಿನ ನಳ ಬಂತು, ಗುರಮ್ಮ ಬಂದು ಬ್ಯಾರಲ್ ತುಂಬಿಸಿ ಹೋದರು. ಅವತ್ತಿನಿಂದ ಅವರು ನಮ್ಮ ಮನೆಗೆ ಕಳಿಸುತ್ತಿದ್ದ ಪುಂಡಿಸೊಪ್ಪಿನ ಪಲ್ಲೆ ನಿಂತಿತು. ಸುಜಾತಾ ಚಹಾಕ್ಕೆ ಕರೆದರೆ "ಈಗರೇ ಕುಡದೇನಿ" ಎಂದರು. ಮರುದಿನವೂ ಈಗರೇ ಕುಡಿದಿದ್ದರು. ನಾನು ಮೆಟ್ಟಿಲಿಳಿದರೆ ಅವರು ಒಳಗೆ ಸರಿಯುತ್ತಿದ್ದರು.

ನನಗೆ ಜೇವರ್ಗಿ ನೆನಪಾಯಿತು. ಅಲ್ಲಿದ್ದಾಗಲೂ ಹೀಗೆಯೇ, ಮಾಲೀಕರು ಮೊದಲು ನಮ್ಮ ಮನೆಯ ಚಹಾ ಬಿಟ್ಟರು. ಆಮೇಲೆ "ಮಗನ ಮದವಿ ಅದರಿ ಸರ, ಮನಿ ಬೇಕಾಗ್ಯಾದ" ಎಂದರು. ಬಿಟ್ಟುಕೊಟ್ಟು ಬಂದೆವು. ಬಹಳ ಕಾಲದ ಮೇಲೆ ಆ ಓಣಿಯಲ್ಲಿ ಹಾಯುವಾಗ ನೋಡಿದರೆ ಅದೇ ಬಾಗಿಲಿಗೆ ಬೀಗ, ಮಗನಿಗೆ ಇನ್ನೂ ಹೆಣ್ಣೇ ನೋಡುತ್ತಿದ್ದರು.

"ಯಾರೋ ಗುರಮ್ಮನವರ ಕಿವಿ ತುಂಬ್ಯಾರ" ಎಂದೆ ಸುಜಾತಾಳಿಗೆ.

"ಬುದ್ಧನ ಫೋಟೋ ಹಚ್ಚುವಾಗ ಸ್ಟೂಲು ಹಿಡದವರಿಗಿ ಯಾರು ಏನ್ ಹೊಸಾದು ಹೇಳ್ತಾರ್ರಿ?" ಎಂದಳು. ಆದರೆ ಅವಳ ದನಿಯೂ ಗಟ್ಟಿಯಿರಲಿಲ್ಲ. ಅಂದು ಸಂಜೆ ಅವಳು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ ಧೂಳು ಝಾಡಿಸುವುದನ್ನು ಕಂಡೆ. ಸಾಮಾನು ಕಟ್ಟುವ ಪೆಟ್ಟಿಗೆಗಳು.

ಮರುದಿನ ಮೆಟ್ಟಿಲ ಬುಡದಲ್ಲಿ ಲಿಂಬೆಹಣ್ಣು, ಹಸಿಮೆಣಸಿನಕಾಯಿ ದಾರಕ್ಕೆ ಪೋಣಿಸಿ ಕಟ್ಟಿತ್ತು. ನನಗೆ ತಡೆಯಲಾಗಲಿಲ್ಲ. ಗುರಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಅವ್ವಾರ, ನಮ್ಮಿಂದ ಏನರ ತಪ್ಪಾಗ್ಯಾದೇನ್ರಿ? ಮನಿ ಬಿಡಬೇಕಂದ್ರ ಸೀದಾ ಹೇಳ್ರಿ. ಮದವಿ ಗಿದವಿ ನೆವ ಬ್ಯಾಡ."

"ಯಾರ ಮದವಿ?" ಎಂದರು. ಮೊರ ಕೆಳಗಿಟ್ಟರು. ಒಳಗೆ ಬಸಣ್ಣನ ಮಶೀನು ನಿಂತಿತು. "ಮಾಸ್ತರ, ನಿಮ್ಮ ಮ್ಯಾಲ ಭರೋಸಾ ಇಟ್ಟು ಮನಿ ಕೊಟ್ಟೇನಿ. ಬುದ್ಧಗ ನಡಕೊಳ್ಳೋ ಮಂದಿ, ದೆವ್ವ ಇಲ್ಲ, ಮಾಟ ಇಲ್ಲ ಅಂತ ನೀವೇ ಹೇಳತಿದ್ರಿ. ಮತ್ತ ಮೂಲಿ ಮೂಲಿಗಿ ಭಾನಾಮತಿ ಗಂಟು ಯಾಕ ಇಟ್ಟೀರಿ? ಯಾರ ಮ್ಯಾಲ?"

ಭಾನಾಮತಿಯ ಆರೋಪ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ಖುಷಿಪಟ್ಟ ಮೊದಲ ಮನುಷ್ಯ ಈ ಸೀಮೆಯಲ್ಲಿ ನಾನೇ ಇರಬೇಕು. "ಅಷ್ಟೇ ಏನ್ರಿ ಅವ್ವಾರ?" ಎಂದೆ. "ಅಷ್ಟೇ ಏನು ಅಂದ್ರ?" ಎಂದು ಅವರು ಇನ್ನೂ ಗಾಬರಿಯಾದರು.

ಅವರನ್ನು ಮೇಲೆ ಕರೆದುಕೊಂಡು ಹೋದೆ. ಬಸಣ್ಣನೂ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. ಅವರೆದುರೇ ಒಂದು ಗಂಟು ಕಟ್ಟಿ ಹೊರಸು ಮಂಚದ ಕೆಳಗೆ ಇಟ್ಟೆ. ಫೌಜದಾರ ಕುಂಟುತ್ತ ಬಂದು ಹುಡುಕಿ, ಎಳೆದು, ಒತ್ತಿ, ಜಗ್ಗಿ, ಬಿಚ್ಚಿ, ರೊಟ್ಟಿ ಕುರುಕುರು ತಿಂದು, ಗುರಮ್ಮನನ್ನು ಆ ಹುಬ್ಬಿನಡಿಯಿಂದ ನೋಡಿದ.

"ಹರೀಲಿಲ್ಲ ನೋಡು" ಎಂದರು ಗುರಮ್ಮ ಮೆಲ್ಲಗೆ. "ನಮ್ಮ ಬಸಣ್ಣಗ ಇಷ್ಟು ತಾಳ್ಮಿ ಇಲ್ಲ. ದಾರ ಸಿಕ್ಕಾದಂದ್ರ ಕತ್ತರಿ ತಗೋತಾನ."

"ಯವ್ವಾ, ನಾಯಿ ಮುಂದ ನನ್ನ ಮರ್ಯಾದಿ ತೆಗಿಬ್ಯಾಡ" ಎಂದ ಬಸಣ್ಣ.

ಆದರೆ ಬಾಗಿಲ ಹತ್ತಿರ ಹೋದ ಗುರಮ್ಮ ತಿರುಗಿ ನಿಂತರು. "ನಾ ನಂಬೇನಿ ಅಂತ ತಿಳಿಬ್ಯಾಡ್ರಿ ಮಾಸ್ತರ. ನಾಯಿಗಿ ಆಟ ಆಡಸ್ತಾರಂತ ನಾ ಎಲ್ಲೂ ಕೇಳಿಲ್ಲ. ಓಣ್ಯಾಗಿನ ಮಂದಿ ಕೇಳಿದ್ರ ನಾ ಏನ್ ಹೇಳಲಿ? ಪಟ್ಟಿ ಬಿಚ್ಚೂತನಕ ಇರಲಿ. ಆಮ್ಯಾಲ ನಾಯಿ ಹೋಗಬೇಕು. ಇಲ್ಲಂದ್ರ ನೀವು ಬ್ಯಾರೆ ಮನಿ ನೋಡಕೋರಿ."

ಸುಜಾತಾ ಅಂದು ರಾತ್ರಿ ನಾಯಿಯ ಪಕ್ಕದಲ್ಲೇ ಕುಳಿತಳು. ಫೌಜದಾರನ ಕಾಲಿನ ಪಟ್ಟಿಯ ಮೇಲೆ ಕೈಯಾಡಿಸುತ್ತ, ಅದು ಬೇಗ ವಾಸಿಯಾಗದಿರಲಿ ಎಂದು ಬಯಸಿದ ಮೊದಲ ನರ್ಸು ಅವಳು. ಮನೆ ಬಿಡುವುದು ಆಗದ ಮಾತು. ನಾಯಿಯನ್ನು ಬಿಡುವುದು ಅವಳಿಂದ ಆಗದು. ರಟ್ಟಿನ ಪೆಟ್ಟಿಗೆಗಳು ಮೂಲೆಯಲ್ಲೇ ಇದ್ದವು.

ಮುಂದಿನ ವಾರ ಒಂದು ಸಂಜೆ ನಾನು ಸುಜಾತಾಳಿಗಿಂತ ಮೊದಲು ಮನೆಗೆ ಬಂದೆ. ಫೌಜದಾರ ಬುದ್ಧನ ಫೋಟೋದ ಕೆಳಗಿನ ಗೂಡಿನ ಮುಂದೆ ಕುಳಿತು ಮೇಲೆ ನೋಡುತ್ತಿದ್ದ. ಗೂಡಿನಲ್ಲಿ ಒಂದು ಗಂಟು. ಕೆಂಪಲ್ಲ, ನೀಲಿ. ಮೇಲೆ ಕರಿದಾರ ಒತ್ತೊತ್ತಾಗಿ ಸುತ್ತಿದೆ. ನಾನು ಕಟ್ಟಿದ್ದಲ್ಲ. ನಾವು ಗಂಟಿಗೆ ದಾರ ಸುತ್ತುವುದೇ ಇಲ್ಲ.

ಭಾನಾಮತಿ ಎಂಬುದು ಬರೀ ಮೂಢನಂಬಿಕೆ ಎಂದು ನಾನು ಮಕ್ಕಳಿಗೆ ಪ್ರತಿವರ್ಷ ಪ್ರಬಂಧ ಬರೆಸುತ್ತೇನೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಅವತ್ತು ಪೀಠಿಕೆಯೂ ನೆನಪಾಗಲಿಲ್ಲ. ಯಾರೋ ಮನೆಯೊಳಗೆ ಬಂದಿದ್ದಾರೆ. ಯಾರೋ ನಮ್ಮ ಮೇಲೆ ಇದನ್ನು ಇಟ್ಟಿದ್ದಾರೆ. ಅಡುಗೆಮನೆಗೆ ಹೋಗಿ ಇಕ್ಕಳ ತಂದೆ. ಇಕ್ಕಳದಲ್ಲಿ ಗಂಟು ಹಿಡಿದು, ಮೈಯಿಂದ ದೂರ ಚಾಚಿಕೊಂಡು, ಎಲ್ಲಿಡುವುದು ತಿಳಿಯದೆ ಪಡಸಾಲೆಯ ನಡುವೆ ನಿಂತೆ. ಬುದ್ಧ ಅರೆಗಣ್ಣು ಮುಚ್ಚಿಕೊಂಡಿದ್ದ. ನೋಡಲಿಲ್ಲವೆಂದು ಸಮಾಧಾನ ಮಾಡಿಕೊಂಡೆ.

ಸುಜಾತಾ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. "ಏನ್ರಿ ಅದು, ಚೇಳೇನು?"

"ಯಾರೋ ಇಟ್ಟಾರ."

"ಬಿಚ್ಚಿ ನೋಡ್ರಿ ಮತ್ತ."

"ನೀನೇ ಬಿಚ್ಚು. ನಿನಗ ದವಾಖಾನ್ಯಾಗ ರೂಢಿ ಅದ."

ನಮ್ಮ ವಾದ ಮುಗಿಯಲಿಲ್ಲ. ಫೌಜದಾರ ಮೂರೇ ಕಾಲಿನಲ್ಲಿ ಒಂದು ಹಾರು ಹಾರಿ ಇಕ್ಕಳದಿಂದ ಗಂಟು ಕಸಿದುಕೊಂಡ. "ಬಿಡಲೇ, ಬಿಡು" ಎಂದು ನಾನು ಕೂಗುತ್ತಿದ್ದಂತೆ ದಾರ ಜಾರಿಸಿ ಬಟ್ಟೆ ಹರವಿದ. ಒಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಮೇಲೆ ಬೆಣ್ಣೆ.

ನಾವಿಬ್ಬರೂ ನೆಲದ ಮೇಲೆ ಕುಳಿತು ತನಿಖೆ ಮಾಡಿದೆವು. ಹಬ್ಬವಿಲ್ಲದ ದಿನ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿಯುವ ಕೈ ನಮ್ಮ ಓಣಿಯಲ್ಲಿ ಒಂದೇ. ನೀಲಿ ಬಟ್ಟೆ ಶಾಲೆಯ ಚಡ್ಡಿಯದು, ಅಂಚಿಗೆ ಬಸಣ್ಣನ ಸೀಮೆಸುಣ್ಣದ ಗೆರೆ ಇನ್ನೂ ಇತ್ತು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎಂದರೆ ಬ್ಯಾರಲ್. ಹೋಗಿ ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ಬೊಗಸೆಯಷ್ಟು ನೀರು. ಅಂದರೆ ಅವತ್ತು ನಳವೇ ಬಂದಿರಲಿಲ್ಲ, ಚಾವಿ ಮಾತ್ರ ಬಂದಿತ್ತು.

ಆಮೇಲೆ ನೀಲಿ ಗಂಟುಗಳು ದಿನಾ ಬರತೊಡಗಿದವು. ನಾವು ಗೊತ್ತಿಲ್ಲದಂತೆ ಇದ್ದೆವು. ಗುರಮ್ಮನೂ ಅಂಗಳದಲ್ಲಿ ಎದುರಾದರೆ ಬಿಗುಮುಖವೇ. "ಇನ್ನೂ ಅದ ಏನು ಆ ನಾಯಿ?" ಎಂದು ಕೇಳುತ್ತಿದ್ದರು, ಸೆರಗಿನಲ್ಲಿ ಬೆಣ್ಣೆಯ ಕಲೆ.

ಪಟ್ಟಿ ಬಿಚ್ಚಿದ ದಿನ ನಾನು ಕೆಳಗೆ ಹೋದೆ. ಸುಜಾತಾ ಮೆಟ್ಟಿಲ ಮೇಲೆ ನಿಂತಿದ್ದಳು, ಪಕ್ಕದಲ್ಲಿ ಫೌಜದಾರ. ಗುರಮ್ಮ ಹಿಟ್ಟು ಸಾಣಿಸುತ್ತಿದ್ದರು.

"ಅವ್ವಾರ, ಕಾಲು ಆರಾಮಾಗ್ಯಾದ. ನೀವು ಹೇಳಿದಂಗ ಐತವಾರ ಮಣ್ಣೂರಿಗಿ ಬಿಟ್ಟು ಬರ್ತೇನಿ" ಎಂದೆ.

ಸಾಣಿಗೆ ನಿಂತಿತು. ಮತ್ತೆ ನಡೆಯಿತು. "ಹೂಂ" ಎಂದರು.

"ಒಂದೇ ಚಿಂತಿ ಅದರಿ. ನಾವು ಇಲ್ಲದಾಗ ಯಾರೋ ನಮ್ಮ ಮನ್ಯಾಗ ಗಂಟು ಇಡಾಕತ್ಯಾರ."

"ಯಾವ ಬಣ್ಣ?"

"ನೀಲಿ."

ಒಳಗೆ ಬಸಣ್ಣನಿಗೆ ಕೆಮ್ಮು ಬಂತು. ಗುರಮ್ಮ ತಲೆ ಎತ್ತಲಿಲ್ಲ. "ಭಾನಾಮತಿ ಇರಬೇಕು" ಎಂದರು. "ಭಾಳ ಖರಾಬ್. ಹಂತಾದ್ರಾಗ ನಾಯಿ ಹ್ಯಾಂಗ ಕಳಸ್ತೀರಿ? ಆ ಗಂಟು ಹುಡುಕಿ ಬಿಚ್ಚಾವರು ಯಾರು? ನೀವೇನು, ಇಕ್ಕಳ ಹಿಡಕೊಂಡು?"

ನಾನು ತಿರುಗಿ ಮೆಟ್ಟಿಲ ಕಡೆ ನೋಡಿದೆ. ಇಕ್ಕಳದ ಸುದ್ದಿ ಮನೆಯಿಂದ ಹೊರಗೆ ಹೋಗಲು ದಾರಿ ಒಂದೇ ಇತ್ತು. ಸುಜಾತಾ ಫೌಜದಾರನ ಕಿವಿಯನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದಳು. ಅಂದಿನಿಂದ ನನಗೆ ಗುರಮ್ಮ, ಬಸಣ್ಣ, ಸುಜಾತಾ ಮೂವರ ಮೇಲೂ ಸಂಶಯ. ರಟ್ಟಿನ ಪೆಟ್ಟಿಗೆಗಳಲ್ಲಿ ಎರಡು ಅಟ್ಟಕ್ಕೆ ಹೋದವು, ಒಂದು ಫೌಜದಾರನ ಆಟಕ್ಕೆ ಉಳಿಯಿತು.

ಈಗ ಬಸ್ಸಿಗೆ ಬರೋಣ. ಅಂಗಿ ಮಾಳಿಗೆಯ ತಂತಿಯ ಮೇಲೆ ಒಣಗಿದ್ದೆಂದು ಹೇಳಿದೆನಲ್ಲ. ಹಿರಿಯರು ಕಣ್ಣು ಮಿಟುಕಿಸದೆ ನೋಡುತ್ತಿರುವಾಗಲೇ ಕರಿದಾರ ಬಿಚ್ಚಿದೆ. ಹರಿಯಲಿಲ್ಲ, ಹಲ್ಲು ಹಚ್ಚಲಿಲ್ಲ. ಒಳಗೆ ಒಂದು ಬೆಲ್ಲದ ಹಳಕು, ಒಂದಿಷ್ಟು ಹುರಿದ ಶೇಂಗಾ. ಆಯಿಯ ವಿಷಯವನ್ನು ಗುರಮ್ಮನಿಗೆ ಹೇಳಿದ್ದೂ ನಾನಲ್ಲ.

"ಯಾರು ಕಟ್ಟಿ ಕೊಟ್ಟಾರ?" ಎಂದರು ಹಿರಿಯರು.

"ನಮ್ಮ ಮನಿ ಮಾಲಕರ್ರಿ."

"ಬಾಡಿಗಿ ಮನ್ಯಾಗ ಅದೀರಿ, ಮಾಲಕರು ನಿಮಗ ಬೆಲ್ಲ ಕಟ್ಟಿ ಕೊಡ್ತಾರೇನು?" ಅವರ ಹುಬ್ಬು ಥೇಟ್ ಫೌಜದಾರನ ಹುಬ್ಬಾಯಿತು.

"ಹೌದ್ರಿ. ತಗೋರಿ" ಎಂದು ಅಂಗೈ ಚಾಚಿದೆ.

ಅವರು ಬೆಲ್ಲವನ್ನು ನೋಡಿದರು, ನನ್ನನ್ನು ನೋಡಿದರು, ಕೈಚೀಲ ಎತ್ತಿಕೊಂಡು ಎದ್ದು ನನ್ನ ಮೊಣಕಾಲು ದಾಟಿ ಹೋಗಿ, ಮೊಣಕಾಲು ನೋವಿನ ಮನುಷ್ಯ, ಬಾಗಿಲ ಹತ್ತಿರ ಕಂಬ ಹಿಡಿದು ನಿಂತರು. ನರೋಣಾ ಇನ್ನೂ ದೂರವಿತ್ತು. ನಾನು ಕಿಟಕಿಯ ಕಡೆ ಸರಿದು ಕುಳಿತು ಶೇಂಗಾ ತಿನ್ನತೊಡಗಿದೆ.